ಎಡಬಾಗಿಲು

ಆರ್‌ಸಿ ಬುಕ್ಕಿನಲ್ಲಿ ಕೆಂಪು ಅಂತಿದೆ.
ಬಿಣಗಾದ ನನ್ನ ಶೆಡ್ಡಿಗೆ ಬಂದು ನಿಂತದ್ದು
ಮುದುಕರ ಒಸಡಿನ ಬಣ್ಣದ ಟೆಂಪೋ.
ಹದಿನೇಳು ವರ್ಷ ಬೈತಖೋಲದ ಧಕ್ಕೆಯಲ್ಲಿ
ಕಡಲಿಗೆ ಮುಖಕೊಟ್ಟು ನಿಂತದ್ದಕ್ಕೆ
ಉಪ್ಪುಗಾಳಿ ಕೊಟ್ಟ ಕೂಲಿ.
ಬಾನೆಟ್ಟಿನ ಮೇಲೆ ಅಂಗೈ ಎಳೆದೆ:
ಇಟ್ಟಿಗೆಪುಡಿಯಂತೆ ಕೈಗೇ ಬಂತು.

‘ಹೊಸ ಪೇಂಟ್ ಬೇಡ’ ಅಂದಳು ಸುಲೋಚನಾ ತಾಂಡೇಲ,
ಸೊಂಟದ ಚೀಲದಿಂದ ಎಲೆಯಡಿಕೆ ತೆಗೆಯುತ್ತ,
‘ಇದ್ದದ್ದನ್ನೇ ಏಳಿಸು. ಎಷ್ಟು?’
ಎರಡೂವರೆ ಸಾವಿರ ಅಂದೆ.
ಬಂಗಡೆ ಬುಟ್ಟಿಗೆ ಕೇಳುವ ಹಾಗೆ ಅರ್ಧಕ್ಕೆ ಕೇಳಿದಳು.
ಸಾವಿರದ ಎಂಟುನೂರಕ್ಕೆ ಬಂದು ನಿಂತೆವು
ಇಬ್ಬರೂ ಸೋತವರ ಮುಖ ಮಾಡಿ.

ಮೊದಲು ಸಿಹಿನೀರು. ಆಮೇಲೆ ಸೋಪು. ಆಮೇಲೆ
ಎರಡು ಸಾವಿರ ನಂಬರಿನ ಕಾಗದ, ನೀರು ಬಿಡುತ್ತ ಬಿಡುತ್ತ,
ಹಸುಗೂಸಿನ ನೆತ್ತಿಗೆ ಎಣ್ಣೆ ತಿಕ್ಕುವಷ್ಟೇ ಭಾರ ಕೊಟ್ಟು.
ಬಕೆಟ್ಟಿನ ನೀರು ಮುರುಗಲ ಪಾನಕವಾಯಿತು.
ಕಾಂಪೌಂಡು ಹಚ್ಚಿ ಹಳೇ ಬನಿಯನ್ನಿನಲ್ಲಿ ಉಜ್ಜಿದರೆ
ಬನಿಯನ್ನೂ ಕೆಂಪು, ಗಾಡಿಯೂ ಕೆಂಪು.
ಜನ ತಿಳಿಯುವುದು ನಾನು ಏನೋ ಹಚ್ಚುತ್ತೇನೆಂದು.
ನಾನು ತೆಗೆಯುವವ.
ಸತ್ತ ಬಣ್ಣವನ್ನು ಹೊತ್ತು ನಿಂತಿರುತ್ತದೆ ಬದುಕಿದ ಬಣ್ಣ,
ಅದೂ ಕೂದಲೆಳೆಯಷ್ಟು;
ಅಂಚಿನಲ್ಲಿ ಒಂದು ಸುತ್ತು ಹೆಚ್ಚಾಯಿತೋ
ಬೂದು ಪ್ರೈಮರು ಹಲ್ಲು ಕಿಸಿಯುತ್ತದೆ.
ಅದಕ್ಕೇ ಅಂಚಿಗೆಲ್ಲ ಟೇಪು. ಕಲಿತದ್ದು
ಕುಮಟೆಯ ಡಾಕ್ಟರೊಬ್ಬರ ಫಿಯಾಟಿನ ಮೇಲೆ,
ಅವರು ಇನ್ನೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಮಧ್ಯಾಹ್ನ ಎಡಬಾಗಿಲಿಗೆ ಬಂದೆ.
ಧೂಳು ತೊಳೆದದ್ದೇ ಅಕ್ಷರ ಎದ್ದವು,
ಮಾಸಿದ ಗುಲಾಬಿಯೊಳಗೆ ಒಂದು ಪಾಲು ಹೆಚ್ಚು ಕೆಂಪಾಗಿ:
ಸುಲು–ಫಿಲ್ಲು ಫಿಶ್, ಕಾರವಾರ.
ಸ್ಟಿಕರ್ ಇಲ್ಲ. ಸ್ಟಿಕರ್ ಇದ್ದ ಜಾಗ.

ಎಲೆಯಡಿಕೆ ಉಗಿದು ಬಂದು ನೋಡಿದಳು.
‘ಬ್ಲೇಡಿನಲ್ಲಿ ಕಿತ್ತಿದ್ದೆ, ರಾತ್ರಿ, ಟಾರ್ಚು ಬಾಯಲ್ಲಿ ಕಚ್ಚಿ.
ಐಸಿನ ಲೆಕ್ಕ. ನಾಲ್ಕು ಸಾವಿರ.’
ಯಾರ ತಪ್ಪೆಂದು ನಾನು ಕೇಳಲಿಲ್ಲ.
‘ಆರು ವರ್ಷ ಇದು ಹೀಗೇ ಇತ್ತಾ?
ನಾನು ಬಲಗಡೆಯಿಂದ ಹತ್ತುವವಳು ಮಾರಾಯ,
ಎಡಗಡೆ ಅವಳು.’

ಇತ್ತು, ಅಂದೆ. ಅಕ್ಷರದ ಅಡಿಗೆ ಬಿಸಿಲು ಹೋಗಿಲ್ಲ.
ಸುತ್ತಲಿನದು ಮಾಸಿದ್ದಕ್ಕೇ ಓದಲು ಬರುತ್ತಿದೆ, ಅಕ್ಕ.
ಉಜ್ಜಿದರೆ ಎಲ್ಲ ಒಂದೇ ಕೆಂಪು,
ಹೆಸರು ಮುಳುಗುತ್ತದೆ. ಉಜ್ಜಲಾ?

ಹೆದ್ದಾರಿಯಲ್ಲಿ ಲಾರಿ ಹೋಯಿತು. ಇನ್ನೊಂದು ಹೋಯಿತು.
‘ಉಜ್ಜು’ ಅಂದಳು. ‘ದುಡ್ಡು ಮಾತಾಡಿದ್ದು ಇಡೀ ಗಾಡಿಗೆ.’

ಕಾರವಾರ ಮೊದಲು ಹೋಯಿತು, ಆಮೇಲೆ ಫಿಶ್.
ಸುಲು ಸುಮ್ಮನೆ ಹೋದಳು.
ಫಿಲ್ಲುವಿನ ಒತ್ತಕ್ಷರ ಮಾತ್ರ
ನಾಲ್ಕು ಸಲ ಬನಿಯನ್ನು ಬದಲಿಸುವ ತನಕ ಹಟ ಹಿಡಿಯಿತು.

ಸಂಜೆ ಓರೆಬಿಸಿಲಿಗೆ ಬಾಗಿಲು ತಿರುಗಿಸಿದೆ.
ತೆಂಗು, ವಿದ್ಯುತ್ ತಂತಿ, ಅವಳ ಮೂಗುಬೊಟ್ಟು,
ಎಲ್ಲ ಅದರೊಳಗೆ ಬಂದು ನಿಂತವು.
ಬೆರಳಿನಿಂದ ಮೆಲ್ಲಗೆ ಸವರಿದಳು,
ಮೀನಿನ ಕಿವಿರು ಎತ್ತಿ ತಾಜಾ ನೋಡುವ ಬೆರಳು ಅದು,
‘ಇಲ್ಲಿ ತುಸು ತಡೆಯುತ್ತದೆ’ ಅಂದಳು.
ನನಗೆ ತಡೆಯಲಿಲ್ಲ. ಹೌದು ಅಂದೆ.

ವ್ಯಾಕ್ಸು ಒರೆಸಿ ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಮೂರು ತಿಂಗಳಿಗೊಮ್ಮೆ ವ್ಯಾಕ್ಸು, ವಾರಕ್ಕೊಮ್ಮೆ ಸಿಹಿನೀರು,
ಧಕ್ಕೆಯಲ್ಲಿ ನಿಲ್ಲಿಸಿದರೆ ಗಾಳಿಗೆ ಬೆನ್ನು,
ಆದಷ್ಟು ನೆರಳು.

ನೋಟು ಎಣಿಸುತ್ತ ಕೇಳಿದಳು,
‘ಸುಂಕೇರಿ ಇಗರ್ಜಿಯ ಹತ್ತಿರ ನೆರಳುಂಟಾ?’
ಅಲ್ಲಿ ಯಾರ ಮನೆಯೆಂದು ಬಿಣಗಾದವನಿಗೂ ಗೊತ್ತು.
‘ದೊಡ್ಡ ಮಳೆಮರ ಉಂಟು. ಆದರೆ ಕಾಗೆ ಜಾಸ್ತಿ.
ಹಿಕ್ಕೆ ಬಿದ್ದರೆ ಬಣ್ಣ ತಿನ್ನುತ್ತದೆ.’

‘ತಿನ್ನಲಿ’ ಅಂದಳು.
ನೂರು ರೂಪಾಯಿ ಕಡಿಮೆ ಕೊಟ್ಟು
ಎರಡನೇ ಗೇರಿನಲ್ಲೇ ಎಬ್ಬಿಸಿ ಹೊರಟಳು.