ಟಿಕೆಟ್ಟು

ಹದಿನಾಲ್ಕು ವರ್ಷದಿಂದ ಟಿಕೆಟ್ಟು ಕೊಡುತ್ತಿದ್ದೇನೆ ನಾನು,
ಬಾರ್ನ್‌ಸ್ಲಿಯಿಂದ ವೂಂಬ್‌ವೆಲ್ಲಿಗೆ, ಬಸ್ಸಿನ ಸ್ಟಿಯರಿಂಗಿನ ಹಿಂದೆ ಕೂತು.
ಹತ್ತಿದವರೆಲ್ಲ ಎಲ್ಲಾದರೂ ಇಳಿಯುತ್ತಾರೆ.
ಹಾಗಾಗಿ, ನಿಮ್ಮ ಟಿಕೆಟ್ಟು ನಾಲ್ಕು ನಾಲ್ಕು ಎಂಟು ಒಂದು ಒಂಬತ್ತು
ಎಂಬ ಮೇಲ್ ಬಂದಾಗ ಸಮಾಧಾನವೇ ಆಯಿತು,
ಇನ್ನೇನು ಗಾಡಿ ಹೊರಡುತ್ತದೆ ಅಂದುಕೊಂಡೆ.

ಶನಿವಾರ ಬೆಳಗ್ಗೆ ಆರೂವರೆ.
ನಮ್ಮ ಪಾರಿವಾಳದ ಕ್ಲಬ್ಬಿನ ಸರ್ವರ್ ಸತ್ತು ಬಿದ್ದಿತ್ತು.
ತಿಂಗಳಿಗೆ ಎರಡು ಪೌಂಡು ತೊಂಬತ್ತೊಂಬತ್ತು ಪೆನ್ನಿ,
ಆರಿಸಿದವನು ನಾನೇ.
ಇಂಡಿಯಾದವನು, ಕಂಪ್ಯೂಟರ್ ಗೊತ್ತಿರುತ್ತದೆ ಎಂದು
ಸಭೆಯಲ್ಲಿ ಹನ್ನೊಂದು ಕೈ ಎದ್ದಿದ್ದವು.
ನನಗೆ ಗೊತ್ತಿದ್ದದ್ದು ಗೇರು, ಬ್ರೇಕು.
ಇಲ್ಲ ಅನ್ನಲು ನಾಚಿಕೆಯಾಗಿ
ಒಂದು ಚಳಿಗಾಲವಿಡೀ ರಾತ್ರಿ ಕೂತು ಕಲಿತೆ.

ಅದರೊಳಗೆ ಮುನ್ನೂರ ಹನ್ನೆರಡು ಹಕ್ಕಿ:
ಕಾಲುಂಗುರದ ನಂಬರು, ಬಣ್ಣ, ತಾಯಿ ಯಾರು ತಂದೆ ಯಾರು,
ದಾರಿ ತಪ್ಪಿ ಸಿಕ್ಕರೆ ಯಾರಿಗೆ ಫೋನು ಮಾಡಬೇಕು.
ಏಳಕ್ಕೆ ಫೋಕ್‌ಸ್ಟನ್ನಿನಲ್ಲಿ ಬುಟ್ಟಿ ಬಿಚ್ಚುತ್ತಾರೆ.

ಮೊದಲ ಉತ್ತರ ಡೀನ್ ಎಂಬಾತನದು:
ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದಿರಾ?
ನೋಡಿದ್ದೆ. ಅದನ್ನೇ ಬರೆದಿದ್ದೆ ಮೊದಲ ಸಾಲಿನಲ್ಲಿ.
ಎರಡನೆಯದು ಪ್ರಿಸಿಲ್ಲಾ: ನಿಮ್ಮ ತಾಳ್ಮೆಗೆ ಧನ್ಯವಾದ.
ನಾನು ಕೊಟ್ಟೇ ಇರಲಿಲ್ಲ ಅದನ್ನು.
ಕೊಡದ ಸಾಮಾನಿಗೆ ರಸೀದಿ.
ಮೂರನೆಯವನು ಮ್ಯಾಕ್ಸ್:
ಒಮ್ಮೆ ಆಫ್ ಮಾಡಿ ಆನ್ ಮಾಡಿ
ಹೆಸರು ಮೂರು, ಬಾಯಿ ಒಂದೇ,
ಹಾಡಿದ್ದೇ ಹಾಡುವ ಕಿಸಬಾಯಿ ದಾಸ.

ಫೋನು ಮಾಡೋಣವೆಂದರೆ ನಂಬರೇ ಇಲ್ಲ.
ಪರದೆಯ ಮೂಲೆಯಲ್ಲೊಂದು ನೀಲಿ ಗುಳ್ಳೆ:
ಸಾಲಿನಲ್ಲಿ ನೀವು ಅರವತ್ತೆರಡನೆಯವರು.
ಅರವತ್ತೊಂದಾದೆ. ಅರವತ್ತಾದೆ.
ಪುಟ ಒಮ್ಮೆ ಮಿಣುಕಿ
ಎಪ್ಪತ್ತೆಂಟಾದೆ.
"ಕಾಸಿಗೆ ತಕ್ಕ ಕಜ್ಜಾಯ," ಎಂದಳು ನೀಲಾಂಬಿಕೆ
ಚಹದ ಲೋಟ ಇಟ್ಟು.

ಕ್ಲಿಫರ್ಡ್ ಹೇಗ್, ಎಂಬತ್ತೊಂದು ವರ್ಷ,
ಕಲ್ಲಿದ್ದಲ ಗಣಿಯಲ್ಲಿ ಒಂದು ಕಿವಿ ಬಿಟ್ಟು ಬಂದವನು,
ಬೇಲಿಗೆ ಮೊಣಕೈ ಊರಿ ಕೇಳಿದ:
"ಏನಂತೆ ಅವರದು?"
"ನೋಡ್ತಾ ಇದ್ದಾರಂತೆ."
"ನಾನೂ ನೋಡ್ತಾ ಇದ್ದೀನಿ," ಅಂದ, ತಲೆ ಮೇಲೆತ್ತಿ.

ಹನ್ನೊಂದೂ ಇಪ್ಪತ್ತಕ್ಕೆ ಮೊದಲನೆಯದು ಇಳಿಯಿತು,
ಮೂರರ ಹೊತ್ತಿಗೆ ಎಲ್ಲವೂ,
ಕ್ಲಿಫರ್ಡನ ಬೂದು ಹೆಣ್ಣೊಂದು ಬಿಟ್ಟು.
ಲಿಂಕನ್‌ಶೈರಿನ ಯಾರದೋ ಹಿತ್ತಲಲ್ಲಿ
ಬಕೆಟ್ಟಿನ ನೀರು ಕುಡಿಯುತ್ತಿರಬಹುದು ಅದು.
ಯಾರೋ ಮೆಲ್ಲಗೆ ಹಿಡಿದು, ಕನ್ನಡಕ ಹುಡುಕಿ,
ಉಂಗುರದ ನಂಬರು ಒಂದೊಂದೇ ಒತ್ತಿರಬಹುದು.
ಎದುರಿಗೆ ಬಿಳಿ ಗೋಡೆ.

ರಾತ್ರಿ ಎರಡೂ ಹತ್ತಕ್ಕೆ, ಬೈಗುಳವನ್ನೆಲ್ಲ ಬರೆದು ಮುಗಿಸಿ
ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ
ಹೆಸರಿಲ್ಲದ ಒಂದು ಉತ್ತರ ಬಂತು:
ಸರ್, ಈ ಪಾಳಿಗೆ ನಾನೊಬ್ಬಳೇ. ನಾನ್ನೂರು ಟಿಕೆಟ್ಟಿವೆ.
ಡಿಸ್ಕು ಸುಟ್ಟಿದೆ, ಹೊಸದು ಬರುವುದು ಬುಧವಾರ.
ಇದನ್ನು ನಿಮಗೆ ಹೇಳಬಾರದು ನಾನು.

ಬರೆದದ್ದನ್ನು ಅಳಿಸಿದೆ. ದೊಡ್ಡತನವೇನಲ್ಲ.
ಹೋದ ಮಂಗಳವಾರ ನಲವತ್ತು ನಿಮಿಷ ತಡವಾಗಿ ಬಂದ ನನ್ನನ್ನು
ಮಳೆಯಲ್ಲಿ ಎರಡು ಮಕ್ಕಳ ಕೈ ಹಿಡಿದು ನಿಂತವಳು
ಯಾಕೆ ಎಂದಷ್ಟೇ ಕೇಳಿದ್ದಳು.
ಡ್ರೈವರುಗಳು ಸಾಕಷ್ಟಿಲ್ಲ ಅನ್ನಬಹುದಿತ್ತು.
ಡಿಪೋದಲ್ಲಿ ಕಲಿಸಿದ್ದನ್ನೇ ಹೇಳಿದೆ:
ಕಾರ್ಯಾಚರಣೆಯ ಕಾರಣಗಳಿಂದ, ಮೇಡಂ.
ಅವಳು ಟಿಕೆಟ್ಟು ಹರಿದುಕೊಂಡು
ಒದ್ದೆ ಸೀಟಿನತ್ತ ನಡೆದಿದ್ದಳು.

ಭಾನುವಾರ ಬೆಳಗ್ಗೆ:
ನಿಮ್ಮ ಸಮಸ್ಯೆ ಬಗೆಹರಿದಿದೆ. ಟಿಕೆಟ್ಟು ಮುಚ್ಚಲಾಗಿದೆ.
ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?
ಸರ್ವರ್ ಇನ್ನೂ ಸತ್ತೇ ಇತ್ತು.
ಒಂದು ಕೊಟ್ಟರೆ ಹೋಗಿ ಬೀಳುವುದು ಅವಳ ತಲೆಗೆ.
ಐದು ಕೊಡಲು ಕೈ ಬಾರದು.

ಕಿಟಕಿಯಾಚೆ ಕ್ಲಿಫರ್ಡ್
ಕಾಳಿನ ತಗಡು ಡಬ್ಬಿ ಅಲ್ಲಾಡಿಸುತ್ತಿದ್ದ,
ನಿಲ್ಲಿಸುತ್ತಿದ್ದ,
ಕೇಳುವ ಕಿವಿಯನ್ನು ಆಕಾಶಕ್ಕೆ ತಿರುಗಿಸಿ
ಮತ್ತೆ ಅಲ್ಲಾಡಿಸುತ್ತಿದ್ದ.