ಗೇಟಿನಾಗಿನ ಕಡ್ಡಿಪೆಟ್ಟಿಗಿ

ಈ ಬುಧವಾರ ಅಲ್ಲ, ಮುಂದಿನ ಬುಧವಾರ ಅಂತ ಗೊತ್ತ ಮಾಡೀನಿ.
ಹುಣ್ಣಿವಿ ಅಲ್ಲ, ಅಮಾಸಿ ಅಲ್ಲ, ಪಗಾರದ ದಿನಾನೂ ಅಲ್ಲ,
ಬರೇ ಬುಧವಾರ.
ದೊಡ್ಡ ದಿನದಾಗ ಮಾಡಿದ ಆಣಿ ಮೂರು ಸಲ ಮುರದೀನಿ.
ಎಲ್ಲಮ್ಮನ ಗುಡ್ಡದಾಗ ಬಿಟ್ಟದ್ದು
ಗುಡ್ಡಾ ಇಳಿಯೂದರೊಳಗ ಹೊತ್ತಿತು.
ಮಗಳು ಹುಟ್ಟಿದಾಗ ಬಿಟ್ಟದ್ದು
ಪೇಢೆ ಹಂಚಿದ ಕೈಯಾಗ ಹೊತ್ತಿತು.
ಮೂರನೇದ್ದು ಹೇಳಂಗಿಲ್ಲ,
ಬಾಳವ್ವಗ ಗೊತ್ತೈತಿ.

ಇನ್ನ ಒಂಬತ್ತು ದಿನ.
ಹಾಲಿನ ಲೆಕ್ಕದ ಕ್ಯಾಲೆಂಡರ್ ಮ್ಯಾಲ
ಹಾಲಿಗೆ ನೀಲಿ ಗೀಟು, ಬೀಡಿಗೆ ಕೆಂಪು.
ಮೊದಲನೇ ದಿನ ಎಣಿಸಿದರ ಹತ್ತೊಂಬತ್ತು.
ನಾ ಹತ್ತು ಅಂತ ತಿಳದಿದ್ದೆ,
ಡಾಕ್ಟರಗ ಐದು ಅಂತ ಹೇಳಿದ್ದೆ.
ಮೊದಲಿನ ಭೋಂಗಾ ಆದ ಕೂಡಲೆ ಒಂದು, ಅದು ಖರೇ.
ಊಟಾದ ಮ್ಯಾಲಿಂದು, ಅದೂ ಖರೇ.
ಆರನೇದ್ದು ಯಾಕ ಸೇದಿದೆ ಅಂತ
ನನಗೂ ಗೊತ್ತಿಲ್ಲ, ಬೀಡೀಗೂ ಗೊತ್ತಿಲ್ಲ.

ಗಿರಣಿ ಒಳಗ ಹತ್ತಿ.
ಅದಕ್ಕ ಗೇಟಿನಾಗ ವಾಚಮನ್ ದಸ್ತಗೀರನ ಬೆನ್ನ ಹಿಂದ
ನಂಬರ್ ಹಾಕಿದ ಕಟಗಿ ಗೂಡು,
ಪಾರಿವಾಳ ಸಾಕಿದಂಗ ಕಡ್ಡಿಪೆಟ್ಟಿಗಿ ಸಾಕ್ಯಾರ.
ಏಳುನೂರಾ ಹದಿನಾಲ್ಕು ನಂದು.
ಇಪ್ಪತ್ತಾರು ವರ್ಷ ಅಲ್ಲೇ ಇಟ್ಟು ಒಳಗ ಹೋಗೀನಿ,
ಎಂಟು ತಾಸು
ಹಿಂಜಿದ ಹತ್ತಿಯ ಮೋಡದಾಗ ನಿಂತೀನಿ,
ಒಂದ ದಿನಾನೂ ಸತ್ತಿಲ್ಲ.
ಮನ್ನೆ ಮಷೀನ್ ಒರಸುವಾಗ ಹೊಳೀತು:
ನಾ ಬಿಡಾಕ ಬಾರದಾಂವ ಅಲ್ಲ.
ದಿನಾ ಬಿಟ್ಟೀನಿ.
ದಿನಾ ಸಂಜೀಕ ನಂಬರ್ ಹೇಳಿ
ತಿರಗಿ ಇಸಕೊಂಡೀನಿ.

ಅದಕ್ಕ ದಸ್ತಗೀರನ ಕಡೆ ಹೋಗಿ ಅಂದೆ,
ಆ ಬುಧವಾರ ಕೇಳಿದರ ಕೊಡಬ್ಯಾಡಪಾ,
ಬೈದರೂ ಕೊಡಬ್ಯಾಡ, ಕಾಲ ಬಿದ್ದರೂ ಕೊಡಬ್ಯಾಡ.
ಅಂವ ಭಾಳ ಹೊತ್ತು ರಿಜಿಸ್ಟರ್ ನೋಡಿದ.
ಆಮ್ಯಾಲ ಅಂದ,
ಲಗಮಣ್ಣಾ, ನೀ ಬಿಟ್ಟರ ನನಗ ತ್ರಾಸ ಐತಿ,
ಇಷ್ಟು ವರ್ಷ ನೀ ಒಳಗ ಇದ್ದಾಗೆಲ್ಲಾ
ನಾ ನಿನ್ನ ಕಡ್ಡೀಲೇ ಹಚ್ಚಿಕೊಂಡೀನಿ.

ನೋಡ್ರಿ ಮತ್ತ!
ಕಡ್ಡಿ ಕಮ್ಮಿ ತುಂಬತಾರ ಅಂತ
ಅಂಗಡಿ ಗುರಪಾದನ ಕೂಡ
ಎಷ್ಟು ಸಲ ಜಗಳಾ ಆಡೀನಿ.

ಗುರಪಾದನ ಉದ್ರಿ ತೀರಿಸಿ ಬಂದೆ,
ನೂರಾ ನಾಲ್ವತ್ತು ರೂಪಾಯಿ.
ಅಂಗಡಿ ಮುಂದ ಉರಿಯೂ ಆ ಕತ್ತದ ಹಗ್ಗ
ಬಾಲಾ ಅಳ್ಳಾಡಿಸಿ ಕರದಂಗ ಆತು.
ನಾಳಿಂದ ಆ ದಾರಿ ಹಿಡಿಯೂದಿಲ್ಲ,
ತೂಗು ಪೂಲಿನ ಮ್ಯಾಲ ಹೋಗತೀನಿ.
ಅಲ್ಲಿ ಹೊಳಿ ಬೀಳೂ ಗಾಳಿಗೆ
ಮೂರು ಕಡ್ಡಿ ಆರತಾವು,
ನಾಕನೇದ್ದು ಗೀರೂದರೊಳಗ ಪೂಲ ಮುಗೀತೈತಿ.

ನಿಪ್ಪಾಣ್ಯಾಗ ಬಾಳವ್ವನ ಅಕ್ಕ ಇದ್ದಾಳ, ಗಂಗವ್ವ.
ಮಳಿ ಇರಲಿ ಬಿಸಲಿರಲಿ ಮೊಣಕಾಲ ಮ್ಯಾಲ ಮೊರ,
ಎಲಿ ಕತ್ತರಿಸಿ, ತಂಬಾಕು ಹಾಕಿ, ಕೆಂಪು ದಾರ ಸುತ್ತತಾಳ.
ಹುಟ್ಟಿದಾಗಿಂದ ಒಂದೂ ಸೇದಿಲ್ಲ.
ಫೋನಿನಾಗ ಮಾತಾಡುವಾಗ
ನನಕಿಂತ ಮೊದಲ ಕೆಮ್ಮತಾಳ.
ನಾ ಬಿಡತೀನಿ ಅಂತ ಆಕೀಗೆ ಇನ್ನೂ ಹೇಳಿಲ್ಲ.
ಹೆಂಗ ಹೇಳಬೇಕು, ತಿಳೀವಲ್ದು.

ಬಾಯಿಗೆ ತಯಾರಿ ಆಗೇತಿ,
ಬಡೇಸೋಪು, ಲವಂಗ, ಒಂದು ಪುಡಿಕಿ ಪುಟಾಣಿ.
ಎದಿಗೆ ಡಾಕ್ಟರು ಹೇಳ್ಯಾರ.
ಈ ಎರಡು ಬೆರಳಿಗೆ ಯಾರು ಹೇಳಬೇಕು?
ನಿದ್ದಿಯಾಗೂ ನಡುವ ಒಂದಿಷ್ಟು ಸಂದ ಬಿಟ್ಟುಕೊಂಡು ಮಲಗತಾವು,
ಮನಿಗೆ ಬರಬೇಕಾದಾಂವ ತಡಾ ಮಾಡಿದರ
ಬಾಗಿಲ ಅರ್ಧಾ ತಗದು ಇಟ್ಟಂಗ.
ರಾತ್ರಿ ಅವಕ್ಕ ಶೇಂಗಾ ಕೊಡತೀನಿ, ಸುಲೀರಿ ಅಂತ.
ಸುಲೀತಾವು. ಸುಮ್ಮನಿರೂದಿಲ್ಲ.
ಬಾಳವ್ವ ಏನೂ ಅನ್ನೂದಿಲ್ಲ,
ಸಿಪ್ಪಿ ಬಳದು ಒಲಿಗೆ ಹಾಕತಾಳ.

ಇವತ್ತಿನ ಕೆಂಪು ಗೀಟು ಹದಿನಾಲ್ಕು.
ಹದಿನೈದನೇದ್ದು
ಕಿವಿ ಮ್ಯಾಲ ಸಿಗಿಸಿಕೊಂಡು ಕುಂತೀನಿ,
ಕಟ್ಟೀ ಮ್ಯಾಲ.
ಎರಡನೇ ಪಾಳಿ ಬಿಟ್ಟ ಭೋಂಗಾ ಆತು.
ಅಲ್ಲೇ ಐತಿ.
ಮುಂಜಾನಿತನಕ ಅಲ್ಲೇ ಇದ್ದರ
ನೀಲಿ ಪೆನ್ನೀಲೆ ಏನರ ಬರೀಬೇಕು.