ಹಿಡಿಕಿ

ನವನಗರ ಅಂದ್ರ ಹಿಂಗ:
ಹುಬ್ಬಳ್ಳಿ ಮುಗದಿರತದ, ಧಾರವಾಡ ಇನ್ನೂ ಬಂದಿರಂಗಿಲ್ಲ.
ಚಿಗರಿ ಬಸ್ಸು ಉಸರ ಬಿಟ್ಟು ನಿಂತು ಹೋದ ಮ್ಯಾಲ
ಎರಡನೇ ಅಡ್ಡರಸ್ತೆ, ಮೂರನೇ ಮನಿ.
ಲೂನಾದ ಮ್ಯಾಲ ನಾನು, ನನ್ನ ಹಿಂದ ದಾವಲ,
ದಾವಲನ ತೆಲಿ ಮ್ಯಾಲ ಅರ್ಧಾ ಜಿಪ್ಸಮ್ ಬೋರ್ಡು,
ಗಾಳಿ ಬಂದಾಗೊಮ್ಮೆ ನಮ್ಮನ್ನೂ ಹಾರಸ್ಕೊಂಡು ಹೋಗೂ ಹಂಗ.

ಯಜಮಾನ್ರು ಕದಾ ತಗದು ಮೊದಲ ಹೇಳಿದ್ದು:
"ಬಾಗಲಾ ಬಡೀತ್ರೀ, ಗಾಳಿಗೆ. ಹಿಡಿಕಿ ನಟ್ಟು ತೂತ ಬಿತ್ತು."
ಅವರ ತಾಯಿನೂ ಅದನ್ನ ಅಂದ್ರು, ಹುಡುಗ್ರೂ.
ಒಂದ ಮಾತು ನಾಕು ಬಾಯಾಗ ತಿರಗಿ ತಿರಗಿ
ನುಣ್ಣಗಾಗಿತ್ತು, ಉಸುಕಿನ ಕಾಗದಾ ತಿಕ್ಕಿಧಂಗ.

ಹಾಲಿಗೂ ಅಡಗಿಮನಿಗೂ ನಡುವ ಆ ಗ್ವಾಡಿ.
ತೂತಿನ ಮ್ಯಾಲ ಸೊಸೈಟಿಯವರ ಕ್ಯಾಲೆಂಡರು,
ಮೂರು ತಿಂಗಳಿಂದ ಒಂದ ಹಾಳಿ.
ತಿರುವಾಕ ಯಾರೂ ಮುಟ್ಟಿಲ್ಲ.

ಹದಿನೆಂಟು ವರ್ಷ ಈ ಕೆಲಸಾ.
ತೂತು ನೋಡಿದ್ರ ನನಗ ಮಾರಿ ನೋಡಿಧಂಗ.
ಇಲಿ ಕಡದದ್ದು ಬ್ಯಾರೆ,
ಕಪಾಟ ಸರಸೂವಾಗ ಮೂಲಿ ತಾಗಿದ್ದು ಬ್ಯಾರೆ,
ಹುಡುಗ್ರ ಚೆಂಡು ಹೊಕ್ಕದ್ದು ಗುಂಡಗ, ಕಂಪಾಸು ಹಿಡದು ಕೊರದಂಗ.
ಗಂಡಸಿನ ಮುಷ್ಟಿದು ಅಗಲಾ, ಎದಿ ಎತ್ತರಕ್ಕ, ಅಂಚು ಹರಕ.
ಅಂಥಾವು ಭಾಳ ಮುಚ್ಚೀನಿ;
ಆ ಮನ್ಯಾಗ ರೊಕ್ಕಾ ಎಡಗೈಲೆ ಕೊಡ್ತಾರ.
ಇದು ಸಣ್ಣದು. ನನ್ನ ಕೈ ಒಳಗ ಹೋಗಲಿಲ್ಲ.

ಸಣ್ಣ ತೂತು ಮುಚ್ಚಬೇಕಂದ್ರ ಮೊದಲ ದೊಡ್ಡದು ಮಾಡಬೇಕು.
ಇದನ್ನ ಹೇಳಿದ್ರ ಎಲ್ಲಾರೂ ಗಾಬರಿ ಆಗ್ತಾರ,
"ಬರೇ ಪೇಸ್ಟು ಬಡದು ಬಣ್ಣಾ ಹಚ್ಚಿಬಿಡ್ರಿ" ಅಂತಾರ.
ಹಚ್ಚಬಹುದು. ಮುಂದಿನ ಮಳಿಗಾಲಕ್ಕ
ಅದ ಆಕಾರದಾಗ ಬಿರೀತದ.
ಚೌಕ ಗೆರಿ ಎಳದೆ. ಉದ್ದಾ ಒಂದು ಗೇಣು, ಅಗಲಾ ಒಂದು ಗೇಣು.
ಗರಗಸದ ಸಪ್ಪಳಕ್ಕ
ಅಡಗಿಮನ್ಯಾಗ ಹಿಟ್ಟು ನಾದೂ ಕೈ ನಿಂತತು.

ಚೌಕ ಕೈಗೆ ಬಂತು. ಒಳಗ ಟೊಳ್ಳು ಕತ್ತಲಿ,
ತಗಡಿನ ಚಾನಲ್ಲು, ಹಿಂದಿನ ಮಿಸ್ತ್ರಿ ಸೇದಿ ಒಗದ ಬೀಡಿ ತುಂಡು,
ಬುಡದಾಗ ಬಿಳೇ ಪುಡಿ ಒಳಗ
ಹಸರ ಬಳಿ ಚೂರು.
ಎರಡು.

ನಾ ಎದ್ದು ಸುಮ್ಮ ಬಾಗಲಾ ಪೂರ್ತಿ ತಗದು ನೋಡಿದೆ.
ಹಿಡಿಕಿ ಗ್ವಾಡಿಗೆ ಗೇಣು ದೂರ ನಿಂತತು.
ಕೆಳಗ ಫರಸಿ ಉಬ್ಬೇದ, ಮುಂದ ಹೋಗಂಗೇ ಇಲ್ಲ.

ಇಂದುಮತಿ ಅಕ್ಕ ಚಾ ತಂದಳು.
ಎಡಗೈಗೆ ಆರು ಬಳಿ, ಬಲಗೈಗೆ ನಾಕು.
ಗೆಣ್ಣಿನ ಮ್ಯಾಲ ಹೊಸ ತೊಗಲು, ಒಂದೀಟು ತಿಳಿ ಬಣ್ಣದ್ದು.
ನನ್ನ ಅಂಗೈಯಾಗಿನ ಹಸರು ನೋಡಿದಳು.
ಹೊರಗ ಕಟ್ಟೀ ಮ್ಯಾಲ ಯಜಮಾನ್ರು ಫೋನಿನ್ಯಾಗ ಯಾರಿಗೋ,
"ಆಕಿನೇನ ಕೇಳೂದು, ನಾ ಹೂಂ ಅಂದ್ರ ಮುಗೀತು" ಅಂತಿದ್ರು.
"ಅಲ್ಲೇ ಇರ್ಲಿ ಬಿಡ್ರಿ," ಅಂದಳು. "ಒಳಗ."

ಇಟ್ಟೆ.
ಹಿಂದ ಕಟಗಿ ಕೊಟ್ಟು, ಸ್ಕ್ರೂ ಬಿಗದು,
ಹೊಸ ಚೌಕ ಕೂಡಸಿ, ಸಂದಿಗೆ ಜಾಳಗಿ ಟೇಪು,
ಪೇಸ್ಟು ಮೂರು ಕೈ.
ತಾಳಬೇಕು ಇದಕ್ಕ. ಹಸಿ ಇದ್ದಾಗ ತಿಕ್ಕಿದ್ರ ಕಿತ್ತು ಬರತದ.
ಮರದಿನಾ ಬಂದು ತಿಕ್ಕಿದ್ವಿ,
ದಾವಲನ ಹುಬ್ಬೂ ಬೆಳ್ಳಗಾಗಿ ಮುದುಕನಂಗ ಕಂಡ.

ಬಣ್ಣಾ ಮಾತ್ರ ಕೂಡಲಿಲ್ಲ. ಅದ ಕಂಪನಿ, ಅದ ನಂಬರು,
ಆದ್ರ ಗ್ವಾಡಿ ನಾಕು ವರ್ಷ ಒಗ್ಗರಣಿ ಹೊಗಿ ಕುಡದದ,
ಡಬ್ಬಿಗೆ ಅದೆಲ್ಲಾ ಏನ ಗೊತ್ತು?
ಕಡೀಕ ಪೂರಾ ಗ್ವಾಡಿಗೇ ಹಚ್ಚಿದ್ವಿ.

ಯಜಮಾನ್ರು ಬೆರಳಿಲೆ ಬಡದು ನೋಡಿದ್ರು.
"ಗಟ್ಟಿ ಆತು. ಇನ್ನ ಬಾಗಲಕ್ಕೊಂದು ತಡಿ ಹಾಕಿಬಿಡ್ರಿ,
ಮತ್ತ ಬಡೀಬಾರದು."
ಹಾಕಿದೆ. ರಬ್ಬರಿಂದು. ಅರವತ್ತು ರೂಪಾಯಿ, ಬಿಲ್ಲಿನ್ಯಾಗ ಬರದೆ.
ಆಕಿ ಅಡಗಿಮನಿ ಹೊಚ್ಚಲದಾಗ ನಿಂತು ನೋಡಿದಳು.
ನಕ್ಕಳೋ ಇಲ್ಲೋ,
ಬೆಳಕು ಆಕಿ ಬೆನ್ನ ಹಿಂದಿತ್ತು.

ಹೊರಗ ನಳದ ಹಂತೇಕ ದಾವಲ ಕೇಳಿದ:
"ಅಣ್ಣಾ, ಆ ಬಾಗಲಾ ಗ್ವಾಡೀತನಾ ಬರಂಗೇ ಇಲ್ಲಲ್ಲ?"
"ಕರಣಿ ತೊಳಿ ಮೊದಲ," ಅಂದೆ.
"ಪೇಸ್ಟು ಬಿಗದ ಹೋಗತದ."